ರೊಟ್ಟಿ ಬಡಿಯುವುದನ್ನು ನೋಡಿದರೆ ರೊಟ್ಟಿ ಬರುತ್ತದೆಯೇ?: ವಿಡಿಯೋ ಕೋರ್ಸ್‌ಗಳಿಂದ ತಾಂತ್ರಿಕ ಕೆಲಸ ಕಲಿಯುವ ಬಗ್ಗೆ

(ಹಾವೇರಿ ಜಿಲ್ಲೆಯ ಒಂದು ಗ್ರಂಥಾಲಯದಲ್ಲಿ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಬಾಯಿಬಿಟ್ಟು ಹೇಳಲು ಸಮಯ ಸಿಗದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೋಳದ ರೊಟ್ಟಿ ತಿಂದು ಬೆಳೆದವರು ಕೈ ಎತ್ತಿ. ಸರಿ, ಹೆಚ್ಚುಕಡಿಮೆ ಎಲ್ಲರೂ ಇದ್ದೀರಿ. ಅವ್ವ ರೊಟ್ಟಿ ಬಡಿಯುವುದನ್ನು ಎಷ್ಟು ಸಲ ನೋಡಿದ್ದೀರಿ? ಸಾವಿರಾರು ಸಲ, ಅಲ್ವಾ? ಈಗ ಹೇಳಿ, ಹರಿಯದ ಹಾಗೆ ಒಂದು ರೊಟ್ಟಿ ಬಡಿದು, ಎತ್ತಿ, ಹಂಚಿಗೆ ಹಾಕಲು ಎಷ್ಟು ಜನಕ್ಕೆ ಬರುತ್ತದೆ? ನೋಡಿ, ಮುಕ್ಕಾಲು ಕೈಗಳು ಕೆಳಗಿಳಿದವು.

ನನ್ನ ಕಥೆಯೂ ಹೀಗೇ. ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದಾಗ ಬಾಡಿಗೆ ಕೋಣೆಯಲ್ಲಿ ಮೊದಲ ಸಲ ರೊಟ್ಟಿ ಮಾಡಲು ಕೂತೆ. ಹಿಟ್ಟು ಪುಡಿಪುಡಿ ಆಯಿತು. ಅವ್ವನಿಗೆ ಫೋನ್ ಮಾಡಿದೆ. "ಎಸರು ಕುದ್ದಿತ್ತೇನು?" ಅಂತ ಕೇಳಿದಳು. ನಾನು ಬರೀ ಬೆಚ್ಚಗಿನ ನೀರು ಹಾಕಿದ್ದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ತಾನಾಗಿ ಅಂಟು ಬರುವುದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಸ್ವಲ್ಪ ಬೆಂದು ಜಿಗುಟಾಗುತ್ತದೆ. ಇಪ್ಪತ್ತು ವರ್ಷ ಅದೇ ಒಲೆಯ ಮುಂದೆ ಕೂತು ಉಂಡವನು ನಾನು. ಎಸರು ಯಾಕೆ ಕುದಿಯಬೇಕು ಅನ್ನುವುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಅವ್ವ ಕೊನೆಗೆ ಹೇಳಿದ ಮಾತು ಇದು: "ನೋಡಿದ್ದು ಸಾಕು ತಮ್ಮಾ, ಕೈ ಹಚ್ಚು."

ಇವತ್ತು ನಾನು ಮಾತಾಡಬೇಕಿರುವುದು ವಿಡಿಯೋ ಕೋರ್ಸ್‌ಗಳ ಬಗ್ಗೆ. ಆದರೆ ಆ ಮಾತು ಇಲ್ಲೂ ಬೇಕಾಗುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಮೈಕ್ರೋಕಂಟ್ರೋಲರ್, ಅಂದರೆ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಕಲಿಯಬೇಕು ಅಂತ ಹೊರಟೆ. ಆರ್ಡುಯಿನೊ ಬೋರ್ಡ್ ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಶುರುವಾದ, ಅಂಥ ಚಿಪ್ ಇರುವ ಸಣ್ಣ ಬೋರ್ಡ್ ಅದು. ದುಡ್ಡು ಕೊಟ್ಟು ಒಂದು ದೊಡ್ಡ ಕೋರ್ಸ್ ತಗೊಂಡೆ. ರಾತ್ರಿ ಊಟ ಆದ ಮೇಲೆ ಮಲಗಿಕೊಂಡು ಮೊಬೈಲಿನಲ್ಲಿ ನೋಡುತ್ತಿದ್ದೆ. ಬೇಗ ಮುಗಿಯಲಿ ಅಂತ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಪಾಠ ಹೇಳುವವರು ತುಂಬಾ ಚೆನ್ನಾಗಿ ಹೇಳುತ್ತಿದ್ದರು. ಎಲ್ಲವೂ ಅರ್ಥವಾಗುತ್ತಿತ್ತು. ತಿಂಗಳೊಳಗೆ ಎಲ್ಲಾ ವಿಡಿಯೋ ಮುಗಿದವು, ಸರ್ಟಿಫಿಕೇಟ್ ಬಂತು. ಅದನ್ನು ಪ್ರಿಂಟ್ ಹಾಕಿಸಿ ಫೈಲಿನಲ್ಲಿಟ್ಟೆ.

ಸ್ವಲ್ಪ ದಿನಕ್ಕೆ ನಮ್ಮ ಸೂಪರ್‌ವೈಸರ್ ಕರೆದು ಒಂದು ಸಣ್ಣ ಕೆಲಸ ಹೇಳಿದರು. ಬೆಲ್ಟ್ ಮೇಲೆ ದಾಟುವ ಬೋಲ್ಟ್‌ಗಳನ್ನು ಎಣಿಸಬೇಕು, ಅಷ್ಟೇ. ಸೆನ್ಸರ್ ಇತ್ತು, ಬೋರ್ಡ್ ಇತ್ತು, ಲ್ಯಾಪ್‌ಟಾಪ್ ಇತ್ತು. ಪ್ರೋಗ್ರಾಂ ಬರೆಯುವ ಖಾಲಿ ಕಿಟಕಿ ತೆರೆದು ಕೂತೆ. ಮೊದಲ ಸಾಲು ಏನು ಬರೆಯಬೇಕು ಅಂತಲೇ ಹೊಳೆಯಲಿಲ್ಲ. ಅರ್ಧ ಗಂಟೆ ಹಾಗೇ ಕೂತೆ. ಅವರು ಏನೂ ಅನ್ನಲಿಲ್ಲ. ಆದರೆ ಅವತ್ತು ಮನೆಗೆ ಹೋಗುವಾಗ ಆದ ನೋವು ನನಗೆ ಈಗಲೂ ನೆನಪಿದೆ. ಒಂದು ತಿಂಗಳ ನಿದ್ದೆ ಕೆಟ್ಟಿದ್ದೆ, ದುಡ್ಡು ಕೊಟ್ಟಿದ್ದೆ. ಮೋಸ ಮಾಡಿದವರು ಯಾರೂ ಇಲ್ಲ. ಆದರೂ ಕೈಗೆ ಏನೂ ಹತ್ತಿರಲಿಲ್ಲ.

ಇದು ನನ್ನೊಬ್ಬನ ದಡ್ಡತನ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ಸಂಶೋಧನೆಯ ಬಗ್ಗೆ ಓದಿದೆ. ಮೈಕಲ್ ಕಾರ್ಡಾಸ್ ಮತ್ತು ಎಡ್ ಓಬ್ರಯನ್ ಎಂಬ ಇಬ್ಬರು ಅಮೆರಿಕದಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ್ದು. ಗೋಡೆಯ ಹಲಗೆಗೆ ಮೊಳೆಬಾಣ ಎಸೆಯುವ ಡಾರ್ಟ್ಸ್ ಆಟ ಗೊತ್ತಲ್ಲ, ಅದರ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಇನ್ನು ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಾವು ಚೆನ್ನಾಗಿ ಎಸೆಯುತ್ತೇವೆ ಅನ್ನುವ ಧೈರ್ಯ ಜಾಸ್ತಿ ಬಂತು. ಆದರೆ ಎಸೆದು ನೋಡಿದಾಗ ಅವರ ಬಾಣ ಒಂದು ಸಲ ನೋಡಿದವರಿಗಿಂತ ಚೆನ್ನಾಗಿಯೇನೂ ಬೀಳಲಿಲ್ಲ. ಧೈರ್ಯ ಬೆಳೆದಿತ್ತು, ಕೈ ಇದ್ದಲ್ಲೇ ಇತ್ತು.

ಅದೇ ಸಂಶೋಧನೆಯಲ್ಲಿ ನನಗೆ ಇನ್ನೂ ಇಷ್ಟವಾದ ಭಾಗ ಒಂದಿದೆ. ಗಾಳಿಯಲ್ಲಿ ಒಂದರ ಹಿಂದೆ ಒಂದು ಎಸೆದು ಹಿಡಿಯುವ ಕೋಲುಗಳ ವಿಡಿಯೋ ತೋರಿಸಿದ ಮೇಲೆ, ಕೆಲವರ ಕೈಗೆ ಆ ಕೋಲುಗಳನ್ನು ಸುಮ್ನೆ ಸ್ವಲ್ಪ ಹೊತ್ತು ಕೊಟ್ಟರು. ಎಸೆಯಲೂ ಇಲ್ಲ, ಬರೀ ಹಿಡಿದುಕೊಂಡರು. ಅಷ್ಟಕ್ಕೇ ಅವರ ಸುಳ್ಳು ಧೈರ್ಯ ಇಳಿಯಿತು. ವಸ್ತುವಿನ ತೂಕ ಕೈಗೆ ಗೊತ್ತಾದ ಕೂಡಲೇ, ತನಗೆ ಏನು ಗೊತ್ತಿಲ್ಲ ಅನ್ನುವುದು ಮನುಷ್ಯನಿಗೆ ಗೊತ್ತಾಗುತ್ತದೆ. ಅವ್ವ ಫೋನಿನಲ್ಲಿ ಹೇಳಿದ್ದೂ ಇದನ್ನೇ.

ಹಾಗಂತ ವಿಡಿಯೋ ಬೇಡ ಅಂತ ಹೇಳಲು ನಾನು ಬಂದಿಲ್ಲ. ನನ್ನ ಇವತ್ತಿನ ಅನ್ನ ವಿಡಿಯೋ ನೋಡಿ ಕಲಿತ ವಿದ್ಯೆಯದು. ಹಳ್ಳಿಯ ಹುಡುಗನಿಗೆ ಐಐಟಿಯ ಮೇಷ್ಟ್ರು ಮನೆಯಲ್ಲೇ ಪಾಠ ಹೇಳುತ್ತಾರೆ ಅಂದರೆ ಅದು ಸಣ್ಣ ಮಾತಲ್ಲ. ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತೇನೆ ಅಂತ ಹೇಳಿದ್ದು 2001ರಲ್ಲಿ. ನಮ್ಮ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದ್ದು 2003ರಲ್ಲಿ. ನಾವು ತೀರಾ ಹಿಂದೆ ಬಿದ್ದವರಲ್ಲ. ಪಾಠ ಇದೆ. ಅದರ ಮುಂದೆ ಹೇಗೆ ಕೂರಬೇಕು ಅನ್ನುವುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನನಗೆ ಕೂರುವ ಕ್ರಮ ಕಲಿಸಿದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರು ಕಟ್ಟಿದ ಯೋಜನೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಲಿನಕ್ಸ್, ಪೈಥಾನ್, ಲಿಬ್ರೆಆಫೀಸ್, ಆರ್ಡುಯಿನೊ ಹೀಗೆ ಬಹಳ ವಿಷಯಗಳಿವೆ, ಹಲವು ಪಾಠಗಳು ಕನ್ನಡ ದನಿಯಲ್ಲೂ ಇವೆ. ಅವರು ಶುರುವಿನಲ್ಲೇ ಹೇಳುವ ಒಂದು ಕ್ರಮ ಇದೆ. ಪರದೆಯ ಅರ್ಧ ಭಾಗದಲ್ಲಿ ವಿಡಿಯೋ ಇಟ್ಟುಕೊಳ್ಳಿ. ಇನ್ನರ್ಧದಲ್ಲಿ ಆ ಸಾಫ್ಟ್‌ವೇರ್ ತೆರೆದಿಡಿ. ಅಲ್ಲಿ ಒಂದು ಹೆಜ್ಜೆ ತೋರಿಸಿದರೆ, ವಿಡಿಯೋ ನಿಲ್ಲಿಸಿ, ಇಲ್ಲಿ ಅದೇ ಹೆಜ್ಜೆ ಮಾಡಿ. ಆಮೇಲೆ ಮುಂದಕ್ಕೆ.

ಕೇಳಲು ಇದು ಏನೂ ಅಲ್ಲ ಅನ್ನಿಸುತ್ತದೆ. ಮಾಡಿ ನೋಡಿ. ಹತ್ತು ನಿಮಿಷದ ಪಾಠಕ್ಕೆ ನನಗೆ ಒಂದು ಗಂಟೆ ಹಿಡಿಯಿತು. ಮೊದಲ ದಿನ ಸಿಟ್ಟು ಬಂತು. ಒಂದೂವರೆ ಪಟ್ಟು ವೇಗದಲ್ಲಿ ಓಡಿದವನಿಗೆ ಈಗ ಆರು ಪಟ್ಟು ನಿಧಾನ! ಆದರೆ ಆ ಒಂದು ಗಂಟೆಯಲ್ಲಿ ನಾನು ಆರು ಸಲ ತಪ್ಪು ಮಾಡಿ ಆರು ಸಲ ತಿದ್ದಿದ್ದೆ. ಸೆಮಿಕೋಲನ್ ಬಿಟ್ಟರೆ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಏನು ಬೈಯುತ್ತದೆ, ಯಾವ ಸಾಲನ್ನು ತೋರಿಸುತ್ತದೆ ಅನ್ನುವುದು ಗೊತ್ತಾಯಿತು. ವಿಡಿಯೋದಲ್ಲಿ ಮೇಷ್ಟ್ರು ಸೆಮಿಕೋಲನ್ ಬಿಡುವುದೇ ಇಲ್ಲ. ಹಾಗಾಗಿ ಆ ಪಾಠ ವಿಡಿಯೋದಲ್ಲಿ ಸಿಗುವುದೇ ಇಲ್ಲ.

ಅಲ್ಲಿಂದ ಮುಂದೆ ಒಂದು ಅಭ್ಯಾಸ ಮಾಡಿಕೊಂಡೆ. ಅವರು ತೋರಿಸಿದ್ದು ನನ್ನ ಬೋರ್ಡಿನಲ್ಲಿ ನಡೆದ ಮೇಲೆ, ಅದರಲ್ಲಿ ಒಂದನ್ನು ಬದಲಿಸುವುದು. ದೀಪ ಒಂದು ಸೆಕೆಂಡಿಗೆ ಮಿನುಗುವ ಪ್ರೋಗ್ರಾಂನಲ್ಲಿ ಡಿಲೇ 1000 ಅಂತ ಇರುತ್ತದೆ, ಅಂದರೆ ಸಾವಿರ ಮಿಲಿಸೆಕೆಂಡ್. ಅದನ್ನು 10 ಮಾಡಿದರೆ ಏನಾಗುತ್ತದೆ? ಒತ್ತುವ ಮೊದಲು ಪುಸ್ತಕದಲ್ಲಿ ಬರೆಯಬೇಕು. ನಾನು "ಬಹಳ ಜೋರಾಗಿ ಮಿನುಗುತ್ತದೆ" ಅಂತ ಬರೆದೆ. ಆಗಿದ್ದು ಬೇರೆ. ದೀಪ ಮಿನುಗುವುದೇ ಕಾಣಲಿಲ್ಲ, ಸ್ವಲ್ಪ ಮಂಕಾಗಿ ಉರಿಯುತ್ತಾ ನಿಂತಿತು. ಸೆಕೆಂಡಿಗೆ 50 ಸಲ ಹತ್ತಿ ಆರುವುದನ್ನು ನನ್ನ ಕಣ್ಣು ಬಿಡಿಸಿ ನೋಡಲಾರದು. ಆ ಒಂದು ತಪ್ಪು ಊಹೆಯಿಂದ, ಮೋಟರ್ ವೇಗ, ದೀಪದ ಬೆಳಕು ಕಡಿಮೆ ಜಾಸ್ತಿ ಮಾಡುವ ಪಿಡಬ್ಲ್ಯುಎಂ ಅನ್ನುವುದು ಏನು ಅಂತ ಅದರ ಪಾಠ ಬರುವ ಮೊದಲೇ ಅರ್ಧ ಅರ್ಥವಾಗಿಬಿಟ್ಟಿತ್ತು.

ಇನ್ನೊಂದು: "ಇಲ್ಲಿ 220 ಓಮ್ ರೆಸಿಸ್ಟರ್ ಹಾಕಿ" ಅಂತ ವಿಡಿಯೋದಲ್ಲಿ ಹೇಳಿದರೆ ನಾವೆಲ್ಲ ಹಾಕುತ್ತೇವೆ. ಯಾಕೆ 220? ನಿಲ್ಲಿಸಿ ಲೆಕ್ಕ ಹಾಕಿ. ಪಿನ್ನಿನಿಂದ ಬರುವುದು 5 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪ್. ಆರ್ಡುಯಿನೊ ಊನೊ ಆರ್3 ಬೋರ್ಡಿನ ಒಂದು ಪಿನ್ನಿಗೆ 20ರ ಒಳಗೆ ಇದ್ದರೆ ಕ್ಷೇಮ, 40 ದಾಟಿದರೆ ಸುಡುವ ಭಯ. ಇದು ನೀವು ಹತ್ತನೇ ತರಗತಿಯಲ್ಲಿ ಓದಿದ ಓಮನ ನಿಯಮವೇ. ಅಲ್ಲಿ ಪರೀಕ್ಷೆಗೆ ಬರೆದಿರಿ, ಇಲ್ಲಿ ಅದು ಬೋರ್ಡ್ ಉಳಿಸುತ್ತದೆ.

ನೆನಪಿನ ಬಗ್ಗೆಯೂ ಒಂದು ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ತಿರುವುಮುರುವು: ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42. ನಾವು ಪಾಠ ಅರ್ಥವಾಗದಿದ್ದರೆ ವಿಡಿಯೋವನ್ನು ಹಿಂದಕ್ಕೆ ಎಳೆದು ಮತ್ತೆ ನೋಡುತ್ತೇವೆ. ಅದರ ಬದಲು ಪಾಠ ಮುಗಿದ ಮೇಲೆ ಪರದೆ ಮುಚ್ಚಿ, ಖಾಲಿ ಹಾಳೆಯ ಮೇಲೆ ಆ ಸರ್ಕ್ಯೂಟ್ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಷ್ಟನ್ನೇ ಮತ್ತೆ ನೋಡಿದರೆ ಸಾಕು.

ಈಗ ಸಿಕ್ಕಿಹಾಕಿಕೊಳ್ಳುವ ವಿಷಯ. ಬಹಳ ಜನ ಕೋರ್ಸ್ ಬಿಡುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಆರ್ಡುಯಿನೊ ನ್ಯಾನೊ ಮಾದರಿಯ ನಕಲು ಬೋರ್ಡ್ ತಂದೆ. ವಿಡಿಯೋದಲ್ಲಿ ಹೇಳಿದ್ದೆಲ್ಲಾ ಮಾಡಿದೆ. ಪ್ರೋಗ್ರಾಂ ಬೋರ್ಡಿಗೆ ಹೋಗಲೇ ಇಲ್ಲ. "ನಾಟ್ ಇನ್ ಸಿಂಕ್" ಅಂತ ಕೆಂಪು ಅಕ್ಷರಗಳು ಬಂದವು. ಮೂರು ರಾತ್ರಿ ಹೋಯಿತು. ಕೇಬಲ್ ಬದಲಿಸಿದೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸಲಿ ಅಂತ ಸಿಎಚ್340 ಡ್ರೈವರ್ ಹಾಕಿದೆ. ಬೋರ್ಡ್ ಸುಟ್ಟಿದೆ ಅಂತ ಬಿಸಾಡುವುದರಲ್ಲಿದ್ದೆ. ಕೊನೆಗೆ ಆ ಕೆಂಪು ಸಾಲನ್ನೇ ಇದ್ದಹಾಗೆ ಹುಡುಕಾಟದಲ್ಲಿ ಹಾಕಿದೆ. ಉತ್ತರ ಸಿಕ್ಕಿತು. ನ್ಯಾನೊ ಬೋರ್ಡುಗಳ ಬೂಟ್‌ಲೋಡರ್, ಅಂದರೆ ನಾವು ಕಳಿಸಿದ ಪ್ರೋಗ್ರಾಂ ಅನ್ನು ಬೋರ್ಡಿನೊಳಗೆ ಇಳಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, 2018ರ ಸುಮಾರಿಗೆ ಬದಲಾಗಿತ್ತು. ನನ್ನ ನಕಲು ಬೋರ್ಡಿನಲ್ಲಿ ಹಳೆಯದೇ ಇತ್ತು. ಟೂಲ್ಸ್ ಮೆನುವಿನಲ್ಲಿ ಪ್ರೊಸೆಸರ್ ಅನ್ನುವ ಜಾಗದಲ್ಲಿ "ಓಲ್ಡ್ ಬೂಟ್‌ಲೋಡರ್" ಆರಿಸಬೇಕಿತ್ತು. ಒಂದೇ ಕ್ಲಿಕ್. ನಾನು ನೋಡುತ್ತಿದ್ದ ವಿಡಿಯೋ ಅದಕ್ಕಿಂತ ಮೊದಲು ಮಾಡಿದ್ದು. ಅವರ ಪರದೆಯಲ್ಲಿ ಆ ಆಯ್ಕೆಯೇ ಇರಲಿಲ್ಲ.

ವಿಡಿಯೋಗೆ ವಯಸ್ಸಾಗುತ್ತದೆ. ಹಾಗಾಗಿ ಕೋರ್ಸ್ ಶುರು ಮಾಡುವ ಮೊದಲು ಅದು ಯಾವ ವರ್ಷದ್ದು, ಸಾಫ್ಟ್‌ವೇರಿನ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಆಗುವುದಾದರೆ ಅದೇ ಆವೃತ್ತಿ ಹಾಕಿಕೊಂಡು ಕಲಿಯಿರಿ. ಕೆಂಪು ಅಕ್ಷರ ಬಂದರೆ ಹೆದರಿ ಮುಚ್ಚಬೇಡಿ. ಅದನ್ನು ಪೂರ್ತಿ ಓದಿ. ಇಂಗ್ಲಿಷಿನಲ್ಲಿದೆ ಅಂತ ಬಿಡಬೇಡಿ, ಪದಪದ ಓದಿ. ನನ್ನ ಮಟ್ಟಿಗೆ ಆ ಮೂರು ರಾತ್ರಿಗಳು ಆ ಇಡೀ ಕೋರ್ಸಿಗಿಂತ ಹೆಚ್ಚು ಕಲಿಸಿದವು. ಅಂಥ ರಾತ್ರಿ ನಿಮಗೂ ಬರಲಿ ಅಂತ ಹಾರೈಸುತ್ತೇನೆ, ಮೂರಲ್ಲದಿದ್ದರೂ ಒಂದಾದರೂ.

ಬೋಲ್ಟ್ ಎಣಿಸುವ ಕೆಲಸ ಏನಾಯಿತು ಅಂತ ಕೇಳುತ್ತೀರಿ. ಆರು ತಿಂಗಳ ನಂತರ ನಾನೇ ಹೋಗಿ ಕೇಳಿ ತಗೊಂಡೆ. ಮೊದಲ ಸಲ ನಡೆಸಿದಾಗ ಒಂದು ಬೋಲ್ಟ್ ದಾಟಿದರೆ ಲೆಕ್ಕ ನೂರಾರು ತೋರಿಸಿತು. ಬೋಲ್ಟ್ ಸೆನ್ಸರಿನ ಮುಂದೆ ಇರುವಷ್ಟು ಹೊತ್ತೂ ಲೂಪ್, ಅಂದರೆ ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ನಡೆಯುವ ಭಾಗ, ತಿರುಗುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಒಂದು ಕೂಡುತ್ತದೆ. "ಇದೆಯಾ?" ಅಂತ ಕೇಳುವ ಬದಲು "ಈಗ ತಾನೇ ಬಂತಾ?" ಅಂತ ಕೇಳಬೇಕು. ಅಂದರೆ ಹಿಂದಿನ ಸುತ್ತಿನಲ್ಲಿ ಇರಲಿಲ್ಲ, ಈ ಸುತ್ತಿನಲ್ಲಿ ಇದೆ ಅನ್ನುವುದನ್ನು ಹಿಡಿಯಬೇಕು. ಅದನ್ನು ನಾನೇ ಕಂಡುಕೊಂಡೆ. ಈ ಸಲ ಖಾಲಿ ಕಿಟಕಿ ನನ್ನನ್ನು ಹೆದರಿಸಲಿಲ್ಲ.

ಆಮೇಲೆ ಮನೆಯ ನೀರಿನ ಟ್ಯಾಂಕ್. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಟ್ಯಾಂಕ್ ತುಂಬಿತೋ ಇಲ್ಲವೋ ನೋಡಲು ಅವ್ವ ಏಣಿ ಹತ್ತಬೇಕಿತ್ತು. ಅವಳು ಹತ್ತುವುದು ನನಗೆ ಸರಿ ಅನ್ನಿಸುತ್ತಿರಲಿಲ್ಲ. ಶಬ್ದದ ಅಲೆ ಬಿಟ್ಟು ಅದು ತಿರುಗಿ ಬರುವ ಹೊತ್ತನ್ನು ಅಳೆಯುವ ಸೆನ್ಸರ್ ಸಿಗುತ್ತದೆ. ಸೆಂಟಿಮೀಟರಿಗೆ ಸುಮಾರು 58 ಮೈಕ್ರೋಸೆಕೆಂಡ್ ಅಂತ ಲೆಕ್ಕ. ವಿಡಿಯೋ ನೋಡಿಯೇ ಮಾಡಿದೆ, ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಟ್ಯಾಂಕಿನಲ್ಲಿಟ್ಟ ಕೆಲವು ದಿನಕ್ಕೆ ಅಂಕಿ ಕೆಟ್ಟವು. ಮುಚ್ಚಿದ ಟ್ಯಾಂಕಿನೊಳಗೆ ಹಬೆ ಕೂತು ಹನಿಯಾಗುತ್ತದೆ, ಆ ಸೆನ್ಸರಿಗೆ ನೀರು ಆಗುವುದಿಲ್ಲ. ನೀರು ತಡೆಯುವ ಜೆಎಸ್‌ಎನ್ ಮಾದರಿ ತಂದೆ. ಅದು 20 ಸೆಂಟಿಮೀಟರಿಗಿಂತ ಹತ್ತಿರ ಇರುವುದನ್ನು ಸರಿಯಾಗಿ ಅಳೆಯುವುದಿಲ್ಲ. ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೇ ಸುಳ್ಳು ಹೇಳುತ್ತದೆ! ಹಾಗಾಗಿ ಮುಚ್ಚಳದ ಮೇಲೆ ಒಂದು ಪೈಪ್ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಕ್ಕೆ ಏರಿಸಿದೆ. ಇದು ಯಾವ ಕೋರ್ಸಿನಲ್ಲೂ ನನಗೆ ಸಿಗಲಿಲ್ಲ, ಸೆನ್ಸರಿನ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರದ ಹಾಳೆ, ಓದಿ ತಿಳಿದಿದ್ದು. ವಿಡಿಯೋ ನಿಮ್ಮನ್ನು ಡೇಟಾಶೀಟ್ ಓದುವಷ್ಟು ಮಾಡಿದರೆ ಅದರ ಕೆಲಸ ಮುಗಿಯಿತು. ಅವ್ವ ಈಗ ಏಣಿ ಹತ್ತುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಎರಡು ಮಾತು. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮವೇ. ಗಣಿತ, ವಿಜ್ಞಾನದ ಬುನಾದಿ ಗಟ್ಟಿ ಇಲ್ಲ ಅನ್ನಿಸಿದರೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ, ನಾಚಿಕೆಪಡದೆ ಹೈಸ್ಕೂಲಿನದ್ದನ್ನೇ ನೋಡಿ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹ ಕನ್ನಡಕ್ಕೆ ಬಂದಿದೆ. ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ದನಿ ಕನ್ನಡ, ಪರದೆಯ ಅಕ್ಷರ ಮಾತ್ರ ಇಂಗ್ಲಿಷ್. ಇದು ಒಳ್ಳೆಯದೇ, ಯಾಕೆಂದರೆ ಕೆಲಸದ ಜಾಗದಲ್ಲಿ ನೀವು ನೋಡುವ ಮೆನು ಅದೇ. ನನ್ನ ಟಿಪ್ಪಣಿ ಪುಸ್ತಕ ಇವತ್ತಿಗೂ ಕನ್ನಡದಲ್ಲೇ ಇದೆ. ಪದ ಇಂಗ್ಲಿಷಿನದಿರಲಿ, "ಇದು ಯಾಕೆ ಹೀಗೆ?" ಅನ್ನುವುದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ನಮಗೆ ನಿಜವಾಗಿ ಅರ್ಥವಾಯಿತೋ ಇಲ್ಲವೋ ಅನ್ನುವುದು ನಮ್ಮ ಮಾತಿನಲ್ಲಿ ಬರೆದಾಗಲೇ ಗೊತ್ತಾಗುವುದು.

ಸರ್ಟಿಫಿಕೇಟ್ ಬೇಕಾ? ಬೇಕಾದವರು ತಗೊಳ್ಳಿ. ಎನ್‌ಪಿಟಿಇಎಲ್ ಪ್ರಮಾಣಪತ್ರಕ್ಕೆ ನಾನು ಬೆಲೆ ಕೊಡುತ್ತೇನೆ. ವಾರವಾರ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಕೊನೆಯ ದಿನ ಇರುತ್ತದೆ. ಅಂಕದಲ್ಲಿ ಅಸೈನ್‌ಮೆಂಟಿಗೆ ಶೇ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75. ನಮ್ಮಂಥವರಿಗೆ ಆ ಕೊನೆಯ ದಿನವೇ ದೊಡ್ಡ ಆಸರೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳನ್ನು 2018ರವರೆಗೆ ಲೆಕ್ಕ ಹಾಕಿ ನೋಡಿದವರಿದ್ದಾರೆ. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ದಿನವೂ ಒಳಗೆ ಬರಲಿಲ್ಲ. 2017-18ರಲ್ಲಿ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ಹಾಗಾಗಿ ನೀವು ಅರ್ಧಕ್ಕೆ ಬಿಟ್ಟಿದ್ದರೆ ನೀವೊಬ್ಬರೇ ಅಲ್ಲ. ಬೇಕಾದ ಮೂರು ಪಾಠ ಕಲಿತು ಕೆಲಸ ಮುಗಿಸಿಕೊಂಡು ಎದ್ದರೂ ನನ್ನ ಲೆಕ್ಕದಲ್ಲಿ ಅದು ಸೋಲಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಸರ್, ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಅಷ್ಟೇ ಇದೆ. ಹೇಗೆ?"

ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಸಣ್ಣ ಪರದೆಯನ್ನು ಅರ್ಧ ಮಾಡಿ ಕಲಿಯಲು ಆಗುವುದಿಲ್ಲ. ವಿಡಿಯೋ ಮೊಬೈಲಿನಲ್ಲಿ ನೋಡಿ, ಪ್ರೋಗ್ರಾಂ ಕಾಗದದ ಮೇಲೆ ಬರೆಯಿರಿ. ಮರುದಿನ ಕಾಲೇಜಿನ ಲ್ಯಾಬಿನಲ್ಲಿ ಹಾಕಿ ನೋಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಹಲವು ಕಡೆ ಕಂಪ್ಯೂಟರ್ ಇದೆ, ಹೋಗಿ ಕೇಳಿ. ಬೋರ್ಡ್ ಇಲ್ಲದಿದ್ದರೂ ಟಿಂಕರ್‌ಕ್ಯಾಡ್ ಎಂಬ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸರ್ಕ್ಯೂಟ್ ಜೋಡಿಸಿ ನಡೆಸಬಹುದು. ಇಬ್ಬರು ಮೂವರು ಸೇರಿ ಒಂದು ಬೋರ್ಡ್ ಕೊಂಡರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ.

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಯಾವ ಕೋರ್ಸ್‌ನಿಂದ ಶುರು ಮಾಡಲಿ ಸರ್?" ಅಂದಳು. ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದೆ. ರೇಷ್ಮೆ ಹುಳು ಸಾಕುತ್ತಾರಂತೆ. ಅಪ್ಪ ರಾತ್ರಿ ಎರಡು ಸಲ ಎದ್ದು ಹುಳು ಮನೆಯ ಥರ್ಮಾಮೀಟರ್ ನೋಡಿ ಬರುತ್ತಾರಂತೆ.

ಹಾಗಿದ್ದರೆ ನಿನ್ನ ಕೋರ್ಸ್ ನಿನ್ನ ಮನೆಯಲ್ಲೇ ಇದೆ ತಂಗಿ ಅಂದೆ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 27, 28 ಡಿಗ್ರಿ ಬೇಕು, ತೇವ ಶೇ 80ರ ಮೇಲೆ. ದೊಡ್ಡ ಹುಳುವಿಗೆ 25 ಡಿಗ್ರಿ ಆಸುಪಾಸು, ತೇವ 70. ಜ್ವರಕ್ಕೆ ಕೂತಾಗ, ಅಂದರೆ ಹುಳು ಪೊರೆ ಬಿಡುವಾಗ, ತೇವ ಕಡಿಮೆ ಇರಬೇಕು, ಅದಕ್ಕೇ ಅಪ್ಪ ಸುಣ್ಣ ಉದುರಿಸುವುದು. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಡಿಎಚ್‌ಟಿ22 ಅಂತ ಒಂದು ಸೆನ್ಸರ್ ಇದೆ, ಶಾಖ, ತೇವ ಎರಡನ್ನೂ ಅಳೆಯುತ್ತದೆ. ಡಿಎಚ್‌ಟಿ11 ಇನ್ನೂ ಅಗ್ಗ, ಆದರೆ ಎರಡು ಡಿಗ್ರಿ ಆಚೀಚೆ ಹೇಳಬಹುದು, ಹುಳು ಮನೆಗೆ ಅದು ಸಾಲದು. ಎಲ್ಲಾ ಕೋರ್ಸ್ ಬಿಡು. ಬೋರ್ಡಿಗೆ ಆ ಸೆನ್ಸರ್ ಜೋಡಿಸಿ ಪರದೆಯ ಮೇಲೆ ಅಂಕಿ ತೋರಿಸುವ ಒಂದೇ ಒಂದು ಪಾಠ ಹುಡುಕಿ ನೋಡು. ಫ್ಯಾನ್, ಹೀಟರ್ ಯಾವುದಕ್ಕೂ ಈಗಲೇ ಜೋಡಿಸಬೇಡ.

"ಮತ್ತೆ?" ಅಂದಳು.

ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಪ್ಪನ ಥರ್ಮಾಮೀಟರ್ ಏನು ಹೇಳುತ್ತದೆ, ನಿನ್ನ ಸೆನ್ಸರ್ ಏನು ಹೇಳುತ್ತದೆ, ಎರಡನ್ನೂ ಪಕ್ಕಪಕ್ಕ ಬರೆದಿಡು. ವ್ಯತ್ಯಾಸ ಬಂದರೆ ಯಾಕೆ ಬಂತು ಅಂತ ಅಪ್ಪನ ಜೊತೆ ಕೂತು ನೋಡು.

ಅವಳು ಅಲ್ಲೇ ಬೆಂಚಿನ ಮೇಲೆ ಪುಸ್ತಕ ತೆರೆದು, ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು. ಒಂದು ಕಡೆ "ಅಪ್ಪ" ಅಂತ ಬರೆದಳು. ಇನ್ನೊಂದು ಕಡೆ "ನಾನು".